ಗ್ರಂಥಪಾಲಕರ ಆಯ್ಕೆ

ಪುಸ್ತಕಾಲಯಕ್ಕೆ ಕಟ್ಟಡ ಬೇಕು, ಪುಸ್ತಕ ಬೇಕು ಎಂಬುದನ್ನು ಒಪ್ಪದವರಿಲ್ಲ. ಅವೆರಡಕ್ಕೂ ಜೀವ ತುಂಬತಕ್ಕ ಮನುಷ್ಯನನ್ನು ಆರಿಸುವ ಕಾರ್ಯವು ಎಷ್ಟು ಗುರುತರವಾದುದೆಂಬುದನ್ನು ಮಾತ್ರ ಸರ್ಕಾರದವರಾಗಲಿ ಜನರಾಗಲಿ ಇನ್ನೂ ಮನಗಂಡಂತೆ ತೋರುವುದಿಲ್ಲ.

ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ನಮ್ಮಲ್ಲಿ 1965ರಲ್ಲಿಯೇ ಆಯಿತು. ಅದರ ಪ್ರಕಾರ ಪಟ್ಟಣಿಗರು ಮನೆಕಂದಾಯದೊಡನೆ ಗ್ರಂಥಾಲಯ ಕರವನ್ನೂ ತೆರುತ್ತ ಬಂದಿದ್ದಾರೆ. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದುವು. ಬಳಿಕ ಅವಕ್ಕೆ ಅರಿವು ಕೇಂದ್ರಗಳೆಂಬ ಹೆಸರೂ ಬಂದಿತು. ಯಜಮಾನರು ಬದಲಾದರು, ಹೆಸರು ಬದಲಾಯಿತು. ಆದರೆ ಅಲ್ಲಿನ ಮೇಲ್ವಿಚಾರಕರು ಬಹುಕಾಲ ಅಲ್ಪ ಗೌರವಧನದ ಮೇಲೆಯೇ ದುಡಿದರೆಂಬುದನ್ನು ಮರೆಯಲಾಗದು. ಅರೆಹೊಟ್ಟೆಯ ಕೂಲಿಗೆ ಪೂರ್ಣ ವಿದ್ವತ್ತನ್ನು ಅಪೇಕ್ಷಿಸುವುದು ಯಾವ ನ್ಯಾಯ?

ಯೋಗ್ಯನೊಬ್ಬನ ಆಯ್ಕೆಯಿಂದ ಏನಾಗಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದವರು ಗಣಿತದ ಉಪಾಧ್ಯಾಯರಾಗಿದ್ದ ಎಸ್. ಆರ್. ರಂಗನಾಥನ್ ಅವರನ್ನು ಗ್ರಂಥಪಾಲಕರನ್ನಾಗಿ ನೇಮಿಸಿದರು. ಅವರಿಗೆ ಆಗ ಈ ವಿದ್ಯೆಯ ಶಿಕ್ಷಣವಿರಲಿಲ್ಲ. ಮೊದಲಿಗೆ ಆ ಕೆಲಸದಲ್ಲಿ ಮನಸ್ಸೂ ನಿಲ್ಲಲಿಲ್ಲ. ವಿಶ್ವವಿದ್ಯಾನಿಲಯದವರು ಅವರನ್ನು ಲಂಡನ್ನಿಗೆ ಕಳುಹಿಸಿ ಕಲಿಸಿದರು. ಅದರ ಫಲವಾಗಿ ಭಾರತದ ಗ್ರಂಥಾಲಯಶಾಸ್ತ್ರಕ್ಕೆ ತಳಹದಿಯೇ ಬಿದ್ದಿತು. ಆರಿಸಿದ ಮೇಲೆ ಕಲಿಸುವುದೂ ಆಯ್ಕೆಯ ಅಂಗವೆಂಬುದು ಇದರಿಂದ ಸ್ಪಷ್ಟವಾಗುವುದು.

ನಮ್ಮ ಸೀಮೆಯನ್ನೇ ನೋಡೋಣ. ಚನ್ನಗಿರಿಯ ಓದುಗನು ಅಡಕೆಯ ಬೆಳೆಗಾರ. ಮಳೆಯನ್ನೇ ನೆಚ್ಚಿದ ಜಗಳೂರಿನ ರೈತನ ಪ್ರಶ್ನೆಗಳೇ ಬೇರೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಪರೀಕ್ಷೆಗೆ ಓದುವ ತರುಣನಿಗೆ ಬೇಕಾದ ಗ್ರಂಥ ಒಂದು. ಸಂತ ಸೇವಾಲಾಲರ ಸೂರಗೊಂಡನಕೊಪ್ಪವುಳ್ಳ ನ್ಯಾಮತಿ ತಾಲ್ಲೂಕಿನ ತಾಂಡಾದ ಬಾಲಕಿಗೆ ಬೇಕಾದುದು ಮತ್ತೊಂದು. ಅಂಕಗಳ ಪಟ್ಟಿಯೊಂದನ್ನೇ ನೋಡಿ ಮಾಡಿದ ನೇಮಕವು ಈ ಭೇದವನ್ನು ಅರಿಯಲಾರದು.

ಆದಕಾರಣ ನಮ್ಮ ಸೂಚನೆ ಇಷ್ಟು. ಗ್ರಂಥಾಲಯದ ಕೆಲಸವನ್ನು ಕೈಯಾರೆ ಮಾಡಿ ಬಲ್ಲ ಅಧಿಕಾರಿಯೊಬ್ಬರನ್ನು ಜಿಲ್ಲೆಗೊಬ್ಬರಂತೆ ಈ ಆಯ್ಕೆಗೆಂದೇ ನಿಯಮಿಸಬೇಕು. ಅಭ್ಯರ್ಥಿಯನ್ನು ಕಪಾಟಿನ ಮುಂದೆ ನಿಲ್ಲಿಸಿ, ಓದುಗನೊಬ್ಬನ ಪ್ರಶ್ನೆಗೆ ಅವನು ಹೇಗೆ ಉತ್ತರ ಹುಡುಕುವನೆಂಬುದನ್ನು ಅವರು ನೋಡಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರವನ್ನು ಕಲಿಸುತ್ತಿರುವಾಗ ಯೋಗ್ಯರು ದೊರೆಯರೆಂಬ ನೆಪ ಸಲ್ಲದು. ಆರಿಸಿದವರಿಗೆ ತರಬೇತಿ, ಭದ್ರವಾದ ಸಂಬಳ, ಬಡ್ತಿಯ ದಾರಿ ಇವುಗಳನ್ನು ಕಲ್ಪಿಸುವ ಹೊಣೆಯೂ ಆ ಅಧಿಕಾರಿಯದೇ ಆಗಬೇಕು.

ಇದಕ್ಕೆ ಹಣವೆಲ್ಲಿದೆಯೆಂದು ಕೇಳುವವರು ಉಂಟು. ಯೋಗ್ಯನಿಲ್ಲದೆ ಬೀಗ ಬಿದ್ದ ಕೋಣೆಯಲ್ಲಿ ಗೆದ್ದಲಿಗೆ ಆಹಾರವಾಗುವ ಪುಸ್ತಕಗಳಿಗೂ ಜನರ ಹಣವೇ ಹೋಗಿದೆಯಲ್ಲವೆ? ಕರವನ್ನು ತೆತ್ತ ಪ್ರಜೆಗೆ ತೆರೆದ ಬಾಗಿಲನ್ನೂ ಅದರ ಹಿಂದೆ ತಿಳಿವಳಿಕೆಯುಳ್ಳ ಒಬ್ಬ ಮನುಷ್ಯನನ್ನೂ ಕೇಳುವ ಹಕ್ಕಿದೆ. ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬುತ್ತೇವೆ.