ವಾಕ್ಯಗಳ ನಡುವಿನ ತೆರಪು

ಕಳೆದ ತಿಂಗಳಿನ ಅಂಚೆಯಲ್ಲಿ ಭಾಲ್ಕಿಯ ಗೃಹಿಣಿಯೊಬ್ಬರ ಕಾಗದವು ನಮ್ಮ ಕೈಸೇರಿತು. ಅವರ ತೀರ್ಥರೂಪರು ಔರಾದದಲ್ಲಿ ಬಹುಕಾಲ ಬೆರಳಚ್ಚುಗಾರರಾಗಿದ್ದು ಈಗ ನಿವೃತ್ತರಾಗಿರುವರು. ಇಳಿವಯಸ್ಸಿನಲ್ಲಿ ಗಣಕಯಂತ್ರವನ್ನು ಕಲಿತು, ತಮ್ಮ ಬಾಲ್ಯದ ಮತ್ತು ನೌಕರಿಯ ನೆನಪುಗಳನ್ನು ನಲವತ್ತು ಪುಟಗಳಷ್ಟು ಬರೆದು, ಬೀದರಿನಲ್ಲಿ ಅಚ್ಚು ಹಾಕಿಸಿ ಮೊಮ್ಮಕ್ಕಳಿಗೆ ಕೊಡಬೇಕೆಂದು ಮಗಳಿಗೆ ಕಳುಹಿಸಿದರು. ಅವರದು ಹಳೆಯ ಕೈ. ಒಂದು ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ನಡುವೆ ಎರಡು ತೆರಪುಗಳನ್ನು ಬಿಡುವುದು ವಾಡಿಕೆ. ಮಗಳು ಈಗಿನ ಪದ್ಧತಿಯನ್ನು ಬಲ್ಲವರಾದುದರಿಂದ, ಯಂತ್ರಕ್ಕೆ ಒಂದೇ ಒಂದು ಆಜ್ಞೆಯನ್ನಿತ್ತು ಎರಡೆರಡು ತೆರಪುಗಳಿದ್ದಲ್ಲೆಲ್ಲ ಒಂದನ್ನೇ ಉಳಿಸಿದರು. ತಂದೆಯವರು ಅದನ್ನು ನೋಡಿ, “ಅಲ್ಲವ್ವಾ, ವಾಕ್ಯ ಮುಗಿದಲ್ಲಿ ನಾನು ಬಿಟ್ಟ ಉಸಿರನ್ನೂ ನೀನು ತೆಗೆದುಹಾಕಿದೆಯಾ?” ಎಂದರಂತೆ. ಅಂದಿನಿಂದ ಪುಸ್ತಕದ ಮಾತೇ ಆ ಮನೆಯಲ್ಲಿ ಎತ್ತುವಂತಿಲ್ಲ. “ನಮ್ಮಿಬ್ಬರಲ್ಲಿ ಯಾರದು ಸರಿ?” ಎಂದು ಮಗಳು ಕೇಳಿರುವರು, ಮಾದರಿಗೆಂದು ಒಂದು ಪುಟವನ್ನೂ ಲಗತ್ತಿಸಿರುವರು.

ಸಾಸಿವೆಯಷ್ಟು ಸಂಗತಿಗೆ ಇಷ್ಟು ಜಗಳವೇ ಎಂದು ವಾಚಕರು ನಗಬಹುದು. ಪುಟವನ್ನು ಓದುವವರೆಗೆ ನಾವೂ ನಕ್ಕೆವು.

ಮೊದಲು ತೆರಪಿನ ವಂಶಾವಳಿಯನ್ನು ನೋಡೋಣ. ನಮ್ಮ ಹಿರಿಯರು ಕಲ್ಲಿನ ಮೇಲಾಗಲಿ ಓಲೆಗರಿಯ ಮೇಲಾಗಲಿ ಬರೆಯುವಾಗ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುತ್ತಿರಲಿಲ್ಲ. ಪದ್ಯದ ಅರ್ಧಕ್ಕೆ ಒಂದು ಗೆರೆ, ಪೂರ್ಣಕ್ಕೆ ಎರಡು ಗೆರೆ. ಉಳಿದುದೆಲ್ಲ ಮಾಲೆ ಕಟ್ಟಿದಂತೆ ಎಡೆಬಿಡದ ಅಕ್ಷರಗಳು. ಈ ಗಡಿನಾಡಿನ ಹಳೆಯ ಮರಾಠಿ ದಫ್ತರಗಳಲ್ಲಿರುವ ಮೋಡಿ ಲಿಪಿಯೂ ಹಾಗೆಯೇ. ಲೇಖಣಿಯನ್ನು ಆದಷ್ಟು ಎತ್ತದೆ, ಪದಗಳನ್ನು ಬಿಡಿಸದೆ ಬರೆದುದು. ಓದುವವರು ಕೆಲವರೇ ಆಗಿದ್ದರು. ಅವರು ಗಟ್ಟಿಯಾಗಿ, ರಾಗವಾಗಿ ಓದುತ್ತಿದ್ದರು. ಎಲ್ಲಿ ನಿಲ್ಲಬೇಕೆಂಬುದನ್ನು ಬಾಯಿಯೇ ಬಲ್ಲುದಾಗಿತ್ತು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಿತು. ಅಚ್ಚಿನ ಮೊಳೆಗಳ ಜೊತೆಯಲ್ಲಿ ಪದಗಳ ನಡುವಿನ ತೆರಪೂ ಪೂರ್ಣವಿರಾಮದ ಬಿಂದುವೂ ನಮ್ಮಲ್ಲಿ ಬೇರೂರಿದುವು. ಓದು ಪಂಡಿತರ ಸಭೆಯಿಂದ ಮನೆಯ ಪಡಸಾಲೆಗೆ ಬಂದಿತು. ಗುರುವಿಲ್ಲದೆ ಓದುವವನಿಗೆ ಕಣ್ಣಿನ ಗುರುತು ಬೇಕಾಯಿತು.

ಇನ್ನು ಎರಡು ತೆರಪುಗಳ ಮಾತು. ಹಿಂದಿನ ಇಂಗ್ಲಿಷ್ ಮುದ್ರಕರು ವಾಕ್ಯದ ಕೊನೆಯಲ್ಲಿ ಪದಗಳ ನಡುವಣ ತೆರಪಿಗಿಂತ ಅಗಲವಾದ ತೆರಪನ್ನು ಇಡುತ್ತಿದ್ದರು. ಬಳಿಕ ಬೆರಳಚ್ಚು ಯಂತ್ರವು ಬಂದಿತು. ಅದರಲ್ಲಿ ಕಿರಿದಾದ ‘ಐ’ ಅಕ್ಷರಕ್ಕೂ ಅಗಲವಾದ ‘ಎಂ’ ಅಕ್ಷರಕ್ಕೂ ಒಂದೇ ಅಳತೆಯ ಜಾಗ. ಸಾಲೆಲ್ಲ ಸಡಿಲವಾಗಿ ತೋರುವುದರಿಂದ ವಾಕ್ಯದ ಕೊನೆಯು ಎದ್ದು ಕಾಣಲೆಂದು ಎರಡು ಸಲ ಪಟ್ಟಿಯನ್ನು ಒತ್ತಬೇಕೆಂದು ತರಗತಿಗಳಲ್ಲಿ ಕಲಿಸುತ್ತಿದ್ದರು. ಆದುದರಿಂದ ಔರಾದದ ಹಿರಿಯರ ಅಭ್ಯಾಸವು ಅಜ್ಞಾನವಲ್ಲ, ವಿದ್ಯೆ.

ಆದರೆ ಈಗಿನ ಗಣಕಯಂತ್ರದ ಸಾಮಾನ್ಯ ಅಕ್ಷರಗಳು ತಮ್ಮ ತಮ್ಮ ಅಗಲಕ್ಕೆ ತಕ್ಕಷ್ಟೇ ಜಾಗವನ್ನು ಹಿಡಿಯುವುವು; ಅಲ್ಲಿ ಒಂದು ತೆರಪು ಸಾಕಾಗುವುದು. ಅಮೆರಿಕದ ಮನಶ್ಶಾಸ್ತ್ರ ಸಂಘದ ಲೇಖನ ಕೈಪಿಡಿಯು 2009ರಲ್ಲಿ ಹಸ್ತಪ್ರತಿಗಳಿಗೆ ಎರಡು ತೆರಪುಗಳು ಒಳ್ಳೆಯದೆಂದು ಹೇಳಿ, 2019ರ ಆವೃತ್ತಿಯಲ್ಲಿ ಒಂದೇ ಸಾಕೆಂದಿತು. ಅಲ್ಲಿಯ ಸ್ಕಿಡ್‌ಮೋರ್ ಕಾಲೇಜಿನವರು 60 ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಫಲವು ಹೀಗಿದೆ: ಎರಡು ತೆರಪು ಬಿಟ್ಟು ಬರೆಯುವ ರೂಢಿಯುಳ್ಳವರು ಅಂಥ ಬರಹವನ್ನು ಸ್ವಲ್ಪ ಬೇಗ ಓದಿದರು, ಅರ್ಥಗ್ರಹಣದಲ್ಲಿ ಮಾತ್ರ ಯಾವ ಭೇದವೂ ಕಾಣಲಿಲ್ಲ. ಅಲ್ಲಿ ಬಳಸಿದುದೂ ಬೆರಳಚ್ಚಿನಂಥ ಸಮಾನ ಅಗಲದ ಅಕ್ಷರಗಳನ್ನೇ. ಕೈಗೆ ಯಾವುದು ರೂಢಿಯೋ ಕಣ್ಣಿಗೂ ಅದೇ ಹಿತವೆಂದು ನಾವು ಇದರಿಂದ ತಿಳಿಯುವೆವು.

ಇಷ್ಟಾದರೆ ತೀರ್ಪು ಮಗಳ ಕಡೆಗೆ ವಾಲುವುದು. ಆದರೆ ಆ ಪುಟದಲ್ಲಿ ಒಂದು ಸಾಲಿದೆ: “ನನ್ನ ತಮ್ಮ ಭಾಲ್ಕಿಯಿಂದ ಹಣ ತಂದ ಗೆಳೆಯನಿಗೆ ಕೊಟ್ಟ.” ಇದನ್ನು ಓದಿದವರು ಏನು ತಿಳಿಯುವರು? ಭಾಲ್ಕಿಯಿಂದ ಹಣ ತಂದವನು ಗೆಳೆಯ. ತಮ್ಮನು ಅವನಿಗೆ ಏನನ್ನೋ ಕೊಟ್ಟನು. ಮೂಲ ಪ್ರತಿಯನ್ನು ತರಿಸಿ ನೋಡಿದೆವು. ಅಲ್ಲಿ ‘ತಂದ’ ಎಂಬುದರ ಮುಂದೆ ಬಿಂದುವಿಲ್ಲ, ಎರಡು ತೆರಪುಗಳು ಮಾತ್ರ ಇವೆ. ಎಂದರೆ ಅದು ಎರಡು ವಾಕ್ಯ. ತಮ್ಮನೇ ಭಾಲ್ಕಿಯಿಂದ ಹಣ ತಂದನು. ಗೆಳೆಯನಿಗೆ ಕೊಟ್ಟು ಅಣ್ಣನ ಸಾಲವನ್ನು ತೀರಿಸಿದನು. ಹಿರಿಯರು ಯಾವ ತಮ್ಮನ ಉಪಕಾರವನ್ನು ಮೊಮ್ಮಕ್ಕಳಿಗೆ ತಿಳಿಸಬೇಕೆಂದಿದ್ದರೋ, ಆ ಉಪಕಾರವು ಒಂದು ತೆರಪಿನೊಡನೆ ಅಳಿಸಿಹೋಯಿತು!

ಕನ್ನಡದಲ್ಲಿ ಈ ಅಪಾಯವು ಹೆಚ್ಚು. ಇಂಗ್ಲಿಷಿನಲ್ಲಿ ಹೊಸ ವಾಕ್ಯದ ಮೊದಲಿಗೆ ದೊಡ್ಡಕ್ಷರವು ನಿಂತು ಕರೆಯುವುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ. ಮೇಲಾಗಿ ‘ಬಂದ’, ‘ತಂದ’, ‘ಕೊಟ್ಟ’ ಎಂಬ ರೂಪಗಳು ವಾಕ್ಯವನ್ನು ಮುಗಿಸಲೂ ಬಲ್ಲವು, ಮುಂದಿನ ನಾಮಪದಕ್ಕೆ ವಿಶೇಷಣವಾಗಲೂ ಬಲ್ಲವು. ಇವೆರಡನ್ನೂ ಬೇರ್ಪಡಿಸುವ ಬೇಲಿ ಆ ಒಂದು ಬಿಂದುವೇ. ತಂದೆಯವರು ಬಿಂದುವನ್ನು ಮರೆತು ತೆರಪನ್ನು ನಂಬಿದುದು ತಪ್ಪು. ಮಗಳು ಓದಿ ನೋಡದೆ ತೆರಪನ್ನು ಕಿತ್ತುದೂ ತಪ್ಪು.

ಆದುದರಿಂದ ಗೃಹಸ್ಥರಿಗೆ ನಮ್ಮ ಸೂಚನೆಯಿದು. ಕಾಗದ, ಅರ್ಜಿ, ಲಗ್ನಪತ್ರಿಕೆ, ಏನನ್ನೇ ಬರೆಯಲಿ, ವಾಕ್ಯ ಮುಗಿದಲ್ಲಿ ಬಿಂದುವನ್ನು ಹಿಂದಿನ ಪದಕ್ಕೆ ತಾಗಿಸಿ ಇಡತಕ್ಕದ್ದು. ಅನಂತರ ಒಂದು ತೆರಪನ್ನು ಬಿಡತಕ್ಕದ್ದು. ಬಿಂದುವಿನ ಹಿಂದೆ ತೆರಪು ಬಿಟ್ಟರೆ ಅದು ಕೆಲವು ವೇಳೆ ಮುಂದಿನ ಸಾಲಿನ ತಲೆಗೆ ಹೋಗಿ ಕುಳಿತುಕೊಳ್ಳುವುದು. ಈಗ ಅನೇಕ ಮೊಬೈಲುಗಳಲ್ಲಿ ತೆರಪಿನ ಕೀಲಿಯನ್ನು ಎರಡು ಸಲ ಒತ್ತಿದರೆ ಬಿಂದುವೂ ಒಂದು ತೆರಪೂ ತಾವಾಗಿ ಮೂಡುವುವು. ಹಳೆಯ ಬೆರಳಚ್ಚುಗಾರರಿಗೆ ಈ ಸಂಗತಿ ಸಂತೋಷವನ್ನು ಕೊಡಬಹುದು. ಎರಡು ತೆರಪನ್ನೇ ಬಿಡುವವರು ಬಿಡಲಿ, ಆದರೆ ಬಿಂದುವನ್ನು ಬಿಡದಿರಲಿ. ಒಂದು ಬರಹದಲ್ಲಿ ಒಂದೇ ಕ್ರಮವಿರಲಿ.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸೀಮೆಯಿದು. ಅಷ್ಟು ಪ್ರಯಾಸದಿಂದ ಉಳಿದು ಬಂದ ಅಕ್ಷರವನ್ನು, ಸಾಲಿನ ಮೇಲೆ ಬೆರಳಿಟ್ಟು ಓದುವ ಅಜ್ಜಿಯೂ ಮಗುವೂ ಎಡವದಂತೆ ಬರೆಯುವುದು ನಮ್ಮ ಕರ್ತವ್ಯವಲ್ಲವೆ?

ಇನ್ನು ಭಾಲ್ಕಿಯ ಸೋದರಿಗೆ ಒಂದು ಮಾತು. ಪುಸ್ತಕದಲ್ಲಿ ಒಂದೇ ತೆರಪಿರಲಿ. ಅದು ನಿಮ್ಮ ಮಾತು. ಆದರೆ ಅಚ್ಚಿಗೆ ಕೊಡುವ ಮುನ್ನ ಒಂದು ಸಂಜೆ ತಂದೆಯವರ ಬಳಿ ಕುಳಿತು, ಮೂಲ ಪ್ರತಿಯನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿರಿ. ಅವರ ದನಿ ಇಳಿದಲ್ಲಿ ಬಿಂದುವನ್ನಿಡಿರಿ. ಅವರು ಸುಮ್ಮನೆ ಕುಳಿತಲ್ಲಿ ಹೊಸ ಪರಿಚ್ಛೇದವನ್ನು ಆರಂಭಿಸಿರಿ. ಉಸಿರಿಗೆ ಅದು ಎರಡು ತೆರಪಿಗಿಂತ ದೊಡ್ಡ ಸ್ಥಳ. ಹಣ ತಂದ ತಮ್ಮನ ಸಾಲು ಬಂದಾಗ ಮಾತ್ರ ಅವಸರಪಡಬೇಡಿರಿ.