ಸ್ವಾರಸ್ಯ ಬರೆಯುತ್ತೇವೆ, ಓದುವುದಿಲ್ಲ

‘ಈ ವಾಕ್ಯದ ಸಂದರ್ಭ ತಿಳಿಸಿ, ಸ್ವಾರಸ್ಯ ವಿವರಿಸಿ.’ ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಯಾರೂ ಈ ಪ್ರಶ್ನೆಯನ್ನು ಮರೆತಿರಲಾರರು. ಉತ್ತರದ ಅಚ್ಚೂ ನೆನಪಿರುತ್ತದೆ. ಮೊದಲು ಆಯ್ಕೆ, ಅಂದರೆ ಪಾಠದ ಹೆಸರು, ಬರೆದವರ ಹೆಸರು. ಆಮೇಲೆ ಸಂದರ್ಭ, ಯಾರು ಯಾರಿಗೆ ಹೇಳಿದರು ಎಂದು ಎರಡು ಸಾಲು. ಕೊನೆಗೆ ಸ್ವಾರಸ್ಯ. ಕೊಟ್ಟ ವಾಕ್ಯವನ್ನೇ ಸ್ವಲ್ಪ ತಿರುಗಿಸಿ ಬರೆದು ‘ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ’ ಎಂದು ಮುಗಿಸಿದರೆ ಆಯಿತು. ಅಂಕ ಬರುತ್ತದೆ. ಪಾಠ ಓದಿರಬೇಕೆಂದೇನೂ ಇಲ್ಲ, ಗೈಡ್ ಇದ್ದರೆ ಸಾಕು.

ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಸಾಹಿತ್ಯದ ಪಾಠದ ಬಗ್ಗೆ ಮಾತಾಡಲು ಇವನ್ಯಾರು ಎನಿಸಬಹುದು. ಆದರೂ ಹೇಳುತ್ತೇನೆ: ಓದುವುದನ್ನು ಕಲಿಸಲು ನಮ್ಮ ಶಾಲೆಗಳ ಕೈಯಲ್ಲಿರುವ ಒಳ್ಳೆಯ ಸಾಧನಗಳಲ್ಲಿ ಈ ಹಳೆಯ ಪ್ರಶ್ನೆಯೂ ಒಂದು. ಅದರ ಬಾಯಿ ಕಟ್ಟಿಹಾಕಿದ್ದೇವೆ ಅಷ್ಟೇ. ‘ಸಂದರ್ಭ’ ಎಂದರೆ ಮಾತು ಆಡಿದವರು ಯಾರು, ಕೇಳಿಸಿಕೊಂಡವರು ಯಾರು, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು ಎಂಬುದು. ಪಾತ್ರ, ಹಿನ್ನೆಲೆ, ಘಟನೆಗಳ ಸರಣಿ ಎಲ್ಲವೂ ಅದರಲ್ಲಿ ಬಂತು. ‘ಸ್ವಾರಸ್ಯ’ ಎಂದರೆ ಬರೆದ ಮಾತಿನ ಹಿಂದೆ ಬರೆಯದೆ ಬಿಟ್ಟದ್ದು ಏನು ಎಂಬುದು. ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಪುನರಾವರ್ತನೆ ಮಾಡಿಸಬೇಕಾದದ್ದು ಇದನ್ನು. ಮಾಡಿಸುತ್ತಿರುವುದು ವ್ಯಾಖ್ಯೆಗಳನ್ನು.

ಭಾನುವಾರಗಳಲ್ಲಿ ನಮ್ಮ ಬೀದಿಯ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎಲ್ಲರೂ ಆರು, ಏಳನೇ ತರಗತಿಯವರು. ಒಂದು ವಾರ ಗಣಿತ ಪಕ್ಕಕ್ಕಿಟ್ಟು ಗೋವಿನ ಹಾಡು ತೆಗೆದುಕೊಂಡೆವು. ಕಥೆ ಎಲ್ಲರಿಗೂ ಗೊತ್ತು, ಎಲ್ಲರೂ ಹಾಡಬಲ್ಲರು. ಮುಖ್ಯ ಪಾತ್ರ ಯಾರು ಎಂದರೆ ನಾಲ್ವರೂ ಒಂದೇ ದನಿಯಲ್ಲಿ ‘ಪುಣ್ಯಕೋಟಿ’ ಎಂದರು. ಸರಿ, ಹಾಡಿನ ಆರಂಭಕ್ಕೂ ಕೊನೆಗೂ ಬದಲಾದವರು ಯಾರು ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಣ್ಯಕೋಟಿ ಮೊದಲೂ ಸತ್ಯವಂತೆ, ಕೊನೆಗೂ ಸತ್ಯವಂತೆ. ‘ಹುಲಿ ಬದಲಾಯ್ತು ಅಣ್ಣ’ ಎಂದಳು ಒಬ್ಬಳು. ಹಾಗಾದರೆ ಇದು ಯಾರ ಕಥೆ? ಅಲ್ಲಿಂದ ಜಗಳ ಶುರುವಾಯಿತು. ಹಸುವನ್ನು ಬಿಟ್ಟ ಮೇಲೆ ಹುಲಿ ಸಾಯಲೇಬೇಕಿತ್ತಾ, ಬೇರೆ ಏನಾದರೂ ತಿಂದು ಬದುಕಬಹುದಿತ್ತಲ್ಲ ಎಂದು ಒಬ್ಬನ ವಾದ. ‘ಹುಲಿ ಹುಲ್ಲು ತಿನ್ನಕ್ಕಾಗಲ್ವಲ್ಲೋ, ಯಾವುದನ್ನ ತಿಂದ್ರೂ ಅದಕ್ಕೂ ಒಂದು ಕರು ಇರುತ್ತಲ್ಲ’ ಎಂದಳು ಅದೇ ಹುಡುಗಿ. ಯಾವ ಗೈಡಿನಲ್ಲೂ ನಾನು ಕಾಣದ ಉತ್ತರ ಇದು. ಆದರೆ ಗಾಳಿಯಲ್ಲಿ ತೇಲಿಬಿಟ್ಟ ಮಾತಲ್ಲ. ಹುಲಿಗೆ ಹಸಿವಾಗಿತ್ತು, ಕರು ತಾಯಿಗಾಗಿ ಅತ್ತಿತ್ತು, ಎರಡೂ ಹಾಡಿನಲ್ಲೇ ಇವೆ. ಎರಡನ್ನು ಜೋಡಿಸಿ ಮೂರನೆಯದನ್ನು ಅವಳೇ ಕಂಡುಕೊಂಡಳು. ಪರೀಕ್ಷೆಗಳ ಭಾಷೆಯಲ್ಲಿ ಇದಕ್ಕೆ ಊಹಾತ್ಮಕ ಗ್ರಹಿಕೆ ಎಂಬ ದೊಡ್ಡ ಹೆಸರಿದೆ.

ಅದೇ ದಿನ ಇನ್ನೊಂದು ವಿಷಯವೂ ಸಲೀಸಾಯಿತು. ಕಥೆಯ ವಿಷಯ ಬೇರೆ, ಆಶಯ ಬೇರೆ ಎಂಬುದನ್ನು ಮಕ್ಕಳಿಗೆ ತಿಳಿಸುವುದು ಕಷ್ಟ. ನಾನು ಹೇಳಿದ್ದು ಇಷ್ಟೇ: ವಿಷಯವನ್ನು ಒಂದು ಪದದಲ್ಲಿ ಹೇಳಬಹುದು, ಆಶಯಕ್ಕೆ ಪೂರ್ತಿ ವಾಕ್ಯ ಬೇಕು. ‘ಸತ್ಯ’ ವಿಷಯ. ಸತ್ಯದ ಬಗ್ಗೆ ಹಾಡು ಏನು ಹೇಳುತ್ತಿದೆ? ನಾಲ್ವರೂ ನಾಲ್ಕು ವಾಕ್ಯ ಬರೆದರು. ಅದರಲ್ಲಿ ಮೂರು ಬೇರೆ ಬೇರೆಯಾಗಿದ್ದವು, ಮೂರೂ ಸರಿಯಾಗಿದ್ದವು. ನಾಲ್ಕನೆಯದು ಪಕ್ಕದವನದನ್ನು ನೋಡಿ ಬರೆದದ್ದು.

ಕಥೆಯನ್ನು ಹೇಳುತ್ತಿರುವವರು ಯಾರು ಎಂಬ ಪ್ರಶ್ನೆಯನ್ನಂತೂ ನಾವು ಕೇಳುವುದೇ ಅಪರೂಪ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರು ಮಂದಣ್ಣನನ್ನು ನೆನಪಿಸಿಕೊಳ್ಳಿ. ಕಥೆ ಹೇಳುವ ‘ನಾನು’ವಿಗೆ ಮೊದಮೊದಲು ಅವನೊಬ್ಬ ಕೆಲಸಕ್ಕೆ ಬಾರದ ಹಳ್ಳಿಗ. ನಿರೂಪಕನ ಕಣ್ಣಿನಿಂದಲೇ ನೋಡುವ ನಮಗೂ ಹಾಗೇ ಕಾಣುತ್ತಾನೆ. ಅದೇ ಮನುಷ್ಯನಲ್ಲಿ ವಿಜ್ಞಾನಿ ಕರ್ವಾಲೊ ಕಾಡನ್ನು ಬಲ್ಲ ಅಪರೂಪದ ನಿಸರ್ಗ ತಜ್ಞನನ್ನು ಕಾಣುತ್ತಾರೆ. ಮಂದಣ್ಣ ಬದಲಾಗಿಲ್ಲ, ನೋಡುವ ಕಣ್ಣು ಬೇರೆ. ಇದನ್ನು ಹದಿಮೂರನೇ ವಯಸ್ಸಿನಲ್ಲಿ ಗುರುತಿಸಲು ಕಲಿತ ಮಗು ಮುಂದೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವನ್ನು ಓದುವಾಗಲೂ ‘ಇದನ್ನು ಹೇಳುತ್ತಿರುವವರು ಯಾರು’ ಎಂದು ಒಮ್ಮೆ ಕೇಳಿಕೊಳ್ಳುತ್ತದೆ.

ಅಲಂಕಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ ಎಂದು ನಾಲ್ಕು ಕಾಲಂ ಎಳೆದು ತುಂಬಿಸುವುದು ನಮಗೆಲ್ಲ ಬರುತ್ತದೆ. ಈ ಹೋಲಿಕೆಯನ್ನೇ ಯಾಕೆ ಆರಿಸಿದರು, ಬೇರೆ ಹೋಲಿಕೆ ಇದ್ದಿದ್ದರೆ ಏನು ಬದಲಾಗುತ್ತಿತ್ತು ಎಂಬುದಕ್ಕೆ ಐದನೇ ಕಾಲಂ ಒಂದಿದ್ದರೆ ಚೆನ್ನಾಗಿತ್ತು.

ಇದೆಲ್ಲ ಕೆಲಸ ಹುಡುಕುವವರಿಗೆ ಯಾಕೆ ಎನ್ನುವಿರಾ? ಪ್ರಥಮ್ ಸಂಸ್ಥೆಯ 2023ರ ‘ಅಸರ್’ ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಗ್ರಾಮೀಣ ಹುಡುಗ ಹುಡುಗಿಯರ ಬಳಿ ಹೋಗಿತ್ತು. ತಮ್ಮ ಪ್ರಾದೇಶಿಕ ಭಾಷೆಯ ಎರಡನೇ ತರಗತಿ ಮಟ್ಟದ ಪಠ್ಯವನ್ನು ಸರಾಗವಾಗಿ ಓದಲಾಗದವರು ಸುಮಾರು ಶೇ 25. ನನ್ನನ್ನು ಹೆಚ್ಚು ಕಾಡಿದ್ದು ಅದಕ್ಕಿಂತ ಇನ್ನೊಂದು ಪರೀಕ್ಷೆ. ಓದು ಬಲ್ಲವರ ಕೈಗೆ ಓಆರ್‌ಎಸ್ ಪೊಟ್ಟಣ ಕೊಟ್ಟು, ಅದರ ಮೇಲಿನ ಸೂಚನೆ ಓದಿಸಿ, ನಾಲ್ಕು ಪ್ರಶ್ನೆ ಕೇಳಲಾಯಿತು. ಕನಿಷ್ಠ ಮೂರಕ್ಕೆ ಸರಿಯಾಗಿ ಉತ್ತರಿಸಿದವರು ಸುಮಾರು ಮೂರನೇ ಎರಡು ಭಾಗ. ಉಳಿದವರಿಗೂ ಅಕ್ಷರ ಬರುತ್ತಿತ್ತು. ಪೊಟ್ಟಣ ಏನು ಹೇಳುತ್ತಿದೆ ಎಂಬುದು ಸಿಗಲಿಲ್ಲ. ಭೇದಿಯಾದ ಮಗುವಿಗೆ ಎಷ್ಟು ನೀರಿಗೆ ಎಷ್ಟು ಪುಡಿ ಎಂಬ ವಿಷಯ ಅದು.

ನಮ್ಮ ಮಟ್ಟದಲ್ಲೂ ಕಥೆ ಬೇರೆಯಿಲ್ಲ. ಕೇಂದ್ರ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ 80 ಪ್ರಶ್ನೆ, ತೇರ್ಗಡೆಗೆ ಶೇ 33 ಸಾಕು. ಆದರೂ ಮೊದಲ ಪತ್ರಿಕೆಯನ್ನು ಅರೆದು ಕುಡಿದವರು ಇಲ್ಲಿ ಎಡವುತ್ತಾರೆ. ಗದ್ಯಭಾಗ ಕೊಟ್ಟು ‘ಇದರಿಂದ ಏನನ್ನು ಊಹಿಸಬಹುದು’ ಎಂದರೆ ಬಾಯಿಪಾಠ ನೆರವಿಗೆ ಬರುವುದಿಲ್ಲ. ಕ್ಯಾಂಪಸ್ ನೇಮಕಾತಿಯ ಮೊದಲ ಸುತ್ತಿನಲ್ಲೂ ಇಂಥದೇ ಗದ್ಯಭಾಗಗಳು. ಕೋಡಿಂಗ್‌ನಲ್ಲಿ ಗಟ್ಟಿಗರಾದ ಗೆಳೆಯರು ಅಲ್ಲಿ ಪಠ್ಯ ಹೇಳಿದ್ದಕ್ಕೂ ತಮಗೆ ಮೊದಲೇ ಗೊತ್ತಿದ್ದದ್ದಕ್ಕೂ ವ್ಯತ್ಯಾಸ ಮಾಡಲಾಗದೆ ಹೊರಬಿದ್ದದ್ದನ್ನು ನೋಡಿದ್ದೇನೆ. ಇಂಗ್ಲಿಷ್ ಬರಲಿಲ್ಲ ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಏನಾಗುತ್ತಿತ್ತು ಎಂಬ ಅನುಮಾನ ನನಗಿದೆ. ಎಂಜಿನಿಯರಿಂಗ್‌ನಲ್ಲಿ ಒಂದು ಕ್ರೆಡಿಟ್‌ನ ‘ಸಾಂಸ್ಕೃತಿಕ ಕನ್ನಡ’ ಇದೆಯಲ್ಲ ಎಂದರೆ, ಅದರ ಪರೀಕ್ಷೆಯೂ ಎ, ಬಿ, ಸಿ, ಡಿಯಲ್ಲೇ ಮುಗಿಯುತ್ತದೆ.

ಪ್ರತಿ ವರ್ಷ ಶಾಲೆ ತೆರೆದಾಗ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ, ಪುನರಾವರ್ತನೆ ಮಾಡಿಸಿ, ಕೊನೆಗೆ ಸಾಫಲ್ಯ ಪರೀಕ್ಷೆ. ಭಾಷೆಯ ಸೇತುಬಂಧದಲ್ಲಿ ಮಕ್ಕಳು ಹಿಂದೆಂದೂ ಓದದ ಒಂದು ಪುಟದ ಕಥೆ ಇರಲಿ. ಪ್ರಶ್ನೆ ಮೂರೇ ಸಾಕು: ಯಾರು ಹೇಳುತ್ತಿದ್ದಾರೆ, ಏನು ಬದಲಾಯಿತು, ಕಥೆ ಹೇಳದೆ ಬಿಟ್ಟದ್ದೇನು. ಮೂರನೆಯದಕ್ಕೆ ಕಥೆಯೊಳಗಿನ ಆಧಾರ ತೋರಿಸಿದ ಯಾವ ಉತ್ತರಕ್ಕೂ ಪೂರ್ತಿ ಅಂಕ ಕೊಡಬೇಕು. ಹಾಗೆ ಮೌಲ್ಯಮಾಪನ ಮಾಡುವುದು ಕಷ್ಟ, ಶಿಕ್ಷಕರಿಗೆ ಈಗಲೇ ಕೈತುಂಬ ಕೆಲಸ ಎಂಬುದು ನಿಜ. ನಲವತ್ತು ಮಕ್ಕಳ ನಲವತ್ತು ಥರದ ಉತ್ತರ ಓದುವುದಕ್ಕಿಂತ ಗೈಡಿನ ಸಾಲು ಹುಡುಕಿ ಗುರುತು ಹಾಕುವುದು ಬೇಗ ಮುಗಿಯುತ್ತದೆ. ಅದಕ್ಕೇ ನಮ್ಮಂಥವರ ಕೈ ಬೇಕು ಎನ್ನುವುದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಪುಸ್ತಕವಿದೆ, ಮಕ್ಕಳಿದ್ದಾರೆ, ಕೂತು ಪ್ರಶ್ನೆ ಕೇಳುವವರು ಕಡಿಮೆ. ಫಲಿತಾಂಶಕ್ಕೋ ನೇಮಕಾತಿ ಅಧಿಸೂಚನೆಗೋ ಕಾಯುತ್ತಾ ಊರಲ್ಲಿರುವ ನಮಗೆ ವಾರಕ್ಕೆ ಎರಡು ಗಂಟೆ ದೊಡ್ಡದಲ್ಲ.

ಮೊದಲ ದಿನಕ್ಕೆ ಹೊಸ ಕಥೆ ಸಿಗದಿದ್ದರೆ ಪಂಚತಂತ್ರದ ಕೋತಿ, ಮೊಸಳೆಯೇ ಆದೀತು. ಹೃದಯವನ್ನು ಮರದ ಮೇಲೆ ಬಿಟ್ಟು ಬಂದಿದ್ದೇನೆ ಎಂದು ಕೋತಿ ಹೇಳಿದರೆ ಮೊಸಳೆ ಯಾಕೆ ನಂಬಿತು ಎಂದು ಕೇಳಿ. ದಡ್ಡ ಮೊಸಳೆ ಎಂದು ಎಲ್ಲರೂ ಥಟ್ಟನೆ ಹೇಳುತ್ತಾರೆ. ಅಲ್ಲಿಗೇ ಬಿಡದೆ, ಅಷ್ಟು ದಿನ ಅದು ಕೋತಿಯ ಗೆಳೆಯನೂ ಆಗಿತ್ತಲ್ಲ ಎಂದು ಒಂದು ಮಾತು ಸೇರಿಸಿ, ಸುಮ್ಮನೆ ಕಾದು ನೋಡಿ.