ತೆಪ್ಪ ಮಾರೋದಾ, ಇಟ್ಕೊಳ್ಳೋದಾ?

ಫೋನ್ ಮಾಡಿದೋರೆಲ್ಲ ಮೊದಲು "ಸಾಮಾನು ಕಟ್ಟಿದ್ದಾಯ್ತಾ?" ಅಂತೀರಿ, ಆಮೇಲೆ ದನಿ ಇಳಿಸಿ "ತೆಪ್ಪ ಏನ್ಮಾಡ್ತೀರಕ್ಕ?" ಅಂತ ಕೇಳ್ತೀರಿ. ದೊಡ್ಡಬಳ್ಳಾಪುರದ ನಾದಿನಿ ಕೇಳಿದ್ಲು, ಸೂಲಿಬೆಲೆ ಚಿಕ್ಕಮ್ಮ ಕೇಳಿದ್ರು, ಎದುರುಮನೆಯೋಳು ನಲ್ಲಿ ಹತ್ರ ನಿಲ್ಲಿಸ್ಕೊಂಡು ಕೇಳಿದ್ಲು. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳೋಕಿಂತ ಎಲ್ರಿಗೂ ಸೇರಿಸಿ ಇಲ್ಲೇ ಬರೀತೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮಾರಬೇಕು. ಊರು ಬಿಡೋಕೆ ಮುಂಚೆನೇ ಮಾರಬೇಕು. ಅದೂ ನೀರಿಗೆ ಇಳಿಸೋರಿಗೇ ಮಾರಬೇಕು.

ನಮ್ಮನೆ ವಿಷಯ ಗೊತ್ತಿಲ್ಲದೋರಿಗೆ ಎರಡು ಮಾತು. ನಾವು ಬೆಸ್ತರು. ಹೊಸಕೋಟೆ ತಾಲ್ಲೂಕಿನ ಒಂದು ಸಣ್ಣ ಊರು. ನಮ್ಮೆಜಮಾನ್ರು ಮೂವತ್ತು ವರ್ಷದಿಂದ ಊರ ಕೆರೆಯಲ್ಲಿ ಬಲೆ ಬಿಟ್ಟಿದಾರೆ. ಈಗ ಅವರ ಬಲಗಡೆ ಭುಜ ಮೇಲೆ ಏಳಲ್ಲ. ಹುಟ್ಟು ಹಾಕೋದು ಬಿಡಿ, ಶರಟು ಹಾಕ್ಕೊಳ್ಳೋಕೂ ನನ್ನ ಕರೀತಾರೆ. ಮಗನಿಗೆ ಹೊಸೂರಲ್ಲಿ ಫ್ಯಾಕ್ಟರಿ ಕೆಲಸ. ಮೊಮ್ಮಕ್ಕಳ ಸ್ಕೂಲು ಶುರುವಾಗೋ ಹೊತ್ತಿಗೆ, ಜೂನಲ್ಲಿ, ನಾವೂ ಅಲ್ಲಿಗೆ ಹೋಗ್ತಾ ಇದೀವಿ. ಮೊದಲನೇ ಮಹಡಿ ಬಾಡಿಗೆ ಮನೆ. ಮೆಟ್ಟಲು ಎಷ್ಟು ಕಿರಿದು ಅಂದ್ರೆ ಬೀರು ಹತ್ತಿಸೋಕೇ ಬಾಗಿಲು ಬಿಚ್ಚಬೇಕು.

ಪುಸ್ತಕದಲ್ಲಿ ಹರಿಗೋಲು ಅಂತಾರೆ, ನಮ್ಮ ಬಾಯಲ್ಲಿ ತೆಪ್ಪ. ನಮ್ಮ ಮಾವನ ಕಾಲದಲ್ಲಿ ಬಿದಿರು ದಬ್ಬೆ ಹೆಣೆದು ಚರ್ಮ ಹೊದಿಸ್ತಿದ್ರಂತೆ. ನಾನು ಮದುವೆಯಾಗಿ ಬರೋ ಹೊತ್ತಿಗೆ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಡಾಂಬರು ಬಂದಿತ್ತು. ಪ್ರತಿ ಬೇಸಿಗೆ ಡಾಂಬರು ಕಾಯಿಸಿ ಬಳಿಯೋದು ನಮ್ಮನೆ ಹಬ್ಬ ಇದ್ದಂಗೆ, ಸೀರೆಗೆ ಹತ್ತಿದ್ರೆ ಸೀಮೆಎಣ್ಣೆ ಹಾಕಿ ಉಜ್ಜಬೇಕು. ಏಳು ವರ್ಷದ ಹಿಂದೆ ಚೀಟಿ ದುಡ್ಡು ಎತ್ತಿ ಫೈಬರ್ ತೆಪ್ಪ ತಗೊಂಡ್ವಿ. ಈಗ ಇರೋದು ಅದೇ. ತಳದಲ್ಲಿ ಒಂದು ಗೇಣು ಬಿರುಕಿತ್ತು, ತೇಪೆ ಹಾಕಿಸಿದೀವಿ. ಗಟ್ಟಿಯಾಗೇ ಇದೆ.

ಇಟ್ಕೊಳ್ಳಿ ಅನ್ನೋರ ಮಾತನ್ನ ನಾನು ತಳ್ಳಿ ಹಾಕಲ್ಲ. ಒಂದೊಂದಾಗಿ ನೋಡೋಣ.

ನಮ್ಮತ್ತೆ ಹೇಳೋದು, "ಅನ್ನ ಹಾಕಿದ ವಸ್ತು ಕಣಮ್ಮ, ಮಾರಿದ್ರೆ ಗಂಗಮ್ಮ ಮುನೀತಾಳೆ" ಅಂತ. ವರ್ಷಾ ವರ್ಷಾ ಪೂಜೆ ಮಾಡಿ, ಅರಿಶಿನ ಕುಂಕುಮ ಇಟ್ಟು ನೀರಿಗೆ ಬಿಟ್ಟಿದ್ದು ನಾನೇ, ನನಗೂ ಕರುಳು ಚುರ್ ಅನ್ನುತ್ತೆ. ಆದ್ರೆ ನಮ್ಮನೇಲಿ ಹಾಲು ಕೊಟ್ಟ ಹಸೂನೂ ಮಾರಿದೀವಿ. ಕಟುಕರಿಗೆ ಕೊಡಲಿಲ್ಲ, ಮೇವು ಇರೋ ಮನೆಗೆ ಕೊಟ್ವಿ. ಅವಾಗ ಯಾರೂ ಪಾಪ ಅನ್ನಲಿಲ್ಲ. ಮೇವಿಲ್ಲದ ಕೊಟ್ಟಿಗೇಲಿ ಕಟ್ಟಿ ಹಾಕೋದು ಪಾಪ.

ನಮ್ಮೆಜಮಾನ್ರ ವಾದ ಇನ್ನೊಂಥರ. "ಹೊಸೂರಲ್ಲೂ ಅದೇ ಹೊಳೆ ಐತೆ ಕಣೆ" ಅಂತಾರೆ. ಮಾತು ನಿಜಾನೆ. ನಂದಿ ಬೆಟ್ಟದ ಕಡೆ ಹುಟ್ಟೋ ದಕ್ಷಿಣ ಪಿನಾಕಿನಿ ನಮ್ಮ ಹೊಸಕೋಟೆ ಹಾದು ತಮಿಳುನಾಡಿಗೆ ಹೋಗುತ್ತೆ, ಹೊಸೂರು ಹತ್ರ ಕೆಲವರಪಳ್ಳಿ ಅಣೆಕಟ್ಟಲ್ಲಿ ನಿಲ್ಲುತ್ತೆ. ನೀರೇನೋ ರಾಜ್ಯದ ಗಡಿ ದಾಟಿಬಿಡುತ್ತೆ. ನಮ್ಮ ಹಕ್ಕು ದಾಟಲ್ವಲ್ಲ? ಇಲ್ಲಿ ಕೆರೆಗೆ ಗುತ್ತಿಗೆ ಆಗುತ್ತೆ, ಮೀನುಗಾರರ ಸಹಕಾರ ಸಂಘ ಇದೆ, ನಮ್ಮ ಹೆಸರಿದೆ, ಎಲ್ಲಿ ಬಲೆ ಬಿಡಬೇಕು ಅಂತ ಒಬ್ಬರಿಗೊಬ್ಬರು ಗೊತ್ತು. ಅಲ್ಲಿ ಆ ರಾಜ್ಯದ ಇಲಾಖೆ, ಅಲ್ಲಿಯೋರ ಸಂಘ. ನಾಳೆ ಇವರು ತೆಪ್ಪ ಹೊತ್ಕೊಂಡು ಅಣೆಕಟ್ಟಿಗೆ ಹೋದ್ರೆ "ಯಾರಪ್ಪ ನೀನು?" ಅಂತಾರೆ. ತೆಪ್ಪ ಅನ್ನೋದು ಬರೀ ಫೈಬರ್ ಅಲ್ಲ ರೀ, ನೀರಿಗೆ ಇಳಿಯೋ ಅನುಮತಿ, ಹುಟ್ಟು ಹಾಕೋ ತೋಳು, ಮೀನು ಕೊಳ್ಳೋ ಗಿರಾಕಿ, ಇಷ್ಟೂ ಸೇರಿದ್ರೆ ತೆಪ್ಪ. ನಮ್ಮ ಹತ್ರ ಈಗ ಉಳಿದಿರೋದು ಫೈಬರ್ ಒಂದೇ.

ಮೈದುನ ಹೇಳ್ತಾನೆ, "ಹಿತ್ತಲಲ್ಲಿ ಬೋರಲು ಹಾಕಿಬಿಡಿ, ಅನ್ನ ಕೇಳುತ್ತಾ ಅದು?" ಅಂತ. ಅನ್ನ ಕೇಳಲ್ಲ, ನಿಜ. ಬಿಸಿಲಿಗೆ ಬಿದ್ದಿರೋ ಫೈಬರ್ ಬಣ್ಣ ಹೋಗಿ ಬಿರಿಯುತ್ತೆ. ಎರಡು ಬೇಸಿಗೆ ಆದ್ಮೇಲೆ ಗುಜರಿಯೋನೂ ತೂಕಕ್ಕೆ ತಗೊಳ್ಳಲ್ಲ. ಅದಕ್ಕಿಂತ ನನಗೆ ಭಯ ಇರೋದು ಮಕ್ಕಳದ್ದು. 2021, 2022ರ ಮಳೆಯಲ್ಲಿ ನಮ್ಮ ಕೆರೆ ಕೋಡಿ ಹೋದಾಗ ನೋಡಿದ್ರಲ್ಲ, ಹುಡುಗ್ರು ಏರಿ ಮೇಲೆ ಹೇಗೆ ಕುಣಿದ್ರು ಅಂತ. ಯಜಮಾನ ಇಲ್ಲದ ತೆಪ್ಪ ಸಿಕ್ರೆ ರಜದಲ್ಲಿ ನಾಲ್ಕು ಹುಡುಗ್ರು ನೀರಿಗೆ ತಳ್ಳದೆ ಬಿಡ್ತಾರಾ? ತೆಪ್ಪ ದುಂಡಗಿರೋದು, ಒಂದೇ ಕಡೆ ಭಾರ ಬಿದ್ರೆ ಮಗುಚುತ್ತೆ. ಗೊತ್ತಿಲ್ಲದ ಕೈಯಲ್ಲಿ ಗಿರಗಿರ ತಿರುಗುತ್ತೆ. ನಾಳೆ ಹೆಚ್ಚುಕಮ್ಮಿ ಆದ್ರೆ ಹೊಸೂರಲ್ಲಿ ಕೂತು ನಾನು ಯಾರಿಗೆ ಉತ್ತರ ಹೇಳಲಿ?

ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳಲ್ಲ, ಎಲ್ಲರ ಮನಸ್ಸಲ್ಲೂ ಅದೇ ಇದೆ. ಅಲ್ಲಿ ಸೊಸೆ ಜೊತೆ ಹೊಂದಲಿಲ್ಲ ಅಂದ್ರೆ? ವಾಪಸ್ ಬರೋ ಹಂಗಾದ್ರೆ? ತೆಪ್ಪ ಇದ್ರೆ ಒಂದು ಆಸರೆ. ನಮ್ಮೆಜಮಾನ್ರು ರಾತ್ರಿ ಹೊರಳಾಡೋದು ಇದಕ್ಕೇ ಅಂತ ನನಗೆ ಗೊತ್ತು. ನಾನು ಅವರಿಗೆ ಹೇಳಿದ್ದು ಇಷ್ಟೇ. ವಾಪಸ್ ಬರೋಕೆ ಬೇಕಾಗಿರೋದು ಮನೆ. ಮನೆ ಮಾರ್ತಿಲ್ಲ, ಬೀಗ ಹಾಕಿ ಕೀ ಮೈದುನನ ಕೈಲಿ ಕೊಡ್ತಿದೀವಿ. ತೆಪ್ಪದಿಂದ ಆಸರೆ ಸಿಗೋಕೆ ಭುಜ ಬೇಕು. ಭುಜ ವಾಪಸ್ ಬರೋ ಹಂಗಿದ್ರೆ ಹೊಸ ತೆಪ್ಪಕ್ಕೆ ಇನ್ನೊಂದು ಚೀಟಿ ನಾನೇ ಹಾಕ್ತೀನಿ.

ಕೆರೆ ನಂಬೋ ಹಂಗೂ ಇಲ್ಲ. ಎರಡು ವರ್ಷ ತುಂಬಿ ತುಳುಕಿತು, 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223ನ್ನ ಬರ ಅಂತ ಸಾರಿದ್ರು. ಹೆಬ್ಬಾಳ ನಾಗವಾರ ಕಣಿವೆ ಯೋಜನೆ ಅಂತ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ದಿನಕ್ಕೆ 210 ದಶಲಕ್ಷ ಲೀಟರು, 65 ಕೆರೆ ತುಂಬಿಸೋ ಲೆಕ್ಕ ಮಾಡಿದಾರೆ. ಆ ನೀರು ಬಂದ ಕಡೆ ಕೆರೆ ತುಂಬಿತು ಅಂತ ಖುಷಿ ಪಡೋರೂ ಇದಾರೆ, ಮೀನು ತಿನ್ನಬಹುದಾ ಅಂತ ಗಿರಾಕಿ ಮೂಗು ಮುರಿಯೋದೂ ಇದೆ. ಇವತ್ತು ಬೆಲೆ ಇರೋ ತೆಪ್ಪಕ್ಕೆ ನಾಳೆ ಇರುತ್ತೆ ಅಂತ ಯಾರು ಬರೆದು ಕೊಡ್ತಾರೆ?

ಸರಿ, ಯಾರಿಗೆ ಮಾರೋದು? ಇಬ್ಬರು ಬಂದಿದಾರೆ. ಒಬ್ಬರು ದೇವನಹಳ್ಳಿ ಕಡೆ ರೆಸಾರ್ಟಿನೋರು, ಒಂಬತ್ತು ಸಾವಿರ, ಕೈಗೆ ಕೈ. ಮಣ್ಣು ತುಂಬಿ ಹೂವಿನ ಗಿಡ ನೆಡ್ತಾರಂತೆ, ಬಂದೋರು ಪಕ್ಕದಲ್ಲಿ ನಿಂತು ಫೋಟೋ ಹಿಡಿಸ್ಕೊಳ್ಳೋಕೆ. ಇನ್ನೊಬ್ಬ ನಮ್ಮ ಹಿಂದಿನ ಬೀದಿ ಹುಡುಗ, ಹೋದ ವರ್ಷ ಮದುವೆಯಾದೋನು. ಆರು ಸಾವಿರ, ಅದೂ ಎರಡು ಕಂತು. ಮೂರು ಸಾವಿರ ವ್ಯತ್ಯಾಸ. ಹೊಸೂರು ಮನೆಗೆ ಅಡ್ವಾನ್ಸ್ ಕಟ್ಟಬೇಕು, ಮೂರು ಸಾವಿರ ನಮಗೆ ಸಣ್ಣದಲ್ಲ. ಆದ್ರೂ ನಾನು ಹುಡುಗನ ಕಡೆ.

ಧರ್ಮಕ್ಕೆ ಅಂತ ಅಲ್ಲ, ಲೆಕ್ಕಕ್ಕೆ ಹೇಳ್ತೀನಿ ಕೇಳಿ. ಆ ಹುಡುಗನಿಗೆ ಸ್ವಂತ ತೆಪ್ಪ ಇಲ್ಲ. ಬೇರೆಯೋರ ತೆಪ್ಪ ತಗೊಂಡು ಹೋಗ್ತಾನೆ, ಸಿಕ್ಕ ಮೀನಲ್ಲಿ ತೆಪ್ಪದ ಪಾಲು ಅಂತ ಮೊದಲು ಎತ್ತಿಟ್ಟು ಮಿಕ್ಕಿದ್ದು ಮನೆಗೆ. ನನ್ನ ಮದುವೆಯಾದ ಹೊಸದರಲ್ಲಿ ನಾವೂ ಹಿಂಗೇ ಇದ್ವಿ. ಕಾಟ್ಲಾ, ರೋಹು ಎಲ್ಲ ತೆಪ್ಪದೋರಿಗೆ, ನನ್ನ ಪುಟ್ಟಿಗೆ ಜಿಲೇಬಿ ಮೀನು, ಸಣ್ಣ ಮೀನು. ಅವನ ಹೆಂಡತಿ ಈಗ ಅದೇ ಪುಟ್ಟಿ ಹೊತ್ಕೊಂಡು ನಮ್ಮನೆ ಮುಂದೆ ಹೋಗ್ತಾಳೆ. ಮಳೆಗಾಲದಲ್ಲಿ ಮರಿ ಬಿಟ್ರೆ ಬೇಸಿಗೆಗೆ ನೀರು ಇಳಿದಾಗ ಮೀನು ದಪ್ಪಗಾಗಿರುತ್ತೆ. ಎರಡನೇ ಕಂತು ಅವಾಗ ಕೊಡ್ತಾನೆ. ಮೂವತ್ತು ವರ್ಷ ನಮ್ಮ ಮೀನು ಕೊಂಡು ನಮ್ಮನ್ನ ಸಾಕಿದ ಊರು ಇದು, ಈ ಊರಲ್ಲಿ ಮೂರು ಸಾವಿರ ಬಿಟ್ಟು ಹೋದ್ರೆ ನಷ್ಟ ಅಂತ ನನಗನ್ನಿಸಲ್ಲ. ರೆಸಾರ್ಟಿನೋರಿಗೆ ಹೂ ಹಾಕೋಕೆ ಬೇಕಾದಷ್ಟು ಮುರಿದ ತೆಪ್ಪ ಸಿಗುತ್ತೆ.

ಆದ್ರೆ ಮೂರು ಕರಾರು ಹಾಕಿದೀನಿ. ಒಂದು, ತಳದ ತೇಪೆ ಅವನಿಗೂ ಅವನ ಹೆಂಡತಿಗೂ ತೋರಿಸಿ, ಅವರ ಎದುರಿಗೇ ನೀರಲ್ಲಿ ಬಿಟ್ಟು ನೋಡಿ ಕೊಡೋದು. ಬಡವರಿಗೆ ಕಡಿಮೆಗೆ ಕೊಡ್ತೀವಿ ಅಂತ ಊನ ಮುಚ್ಚಿಡೋ ಹಕ್ಕು ನಮಗಿಲ್ಲ. ಎರಡು, ಕಂತಿನ ವಿಷಯ ಒಂದು ಹಾಳೇಲಿ ಬರೆದು ಇಬ್ಬರೂ ಸಹಿ ಹಾಕೋದು. ನೆಂಟಸ್ತನ ಉಳೀಬೇಕಾದ್ರೆ ಲೆಕ್ಕ ಕಾಗದದ ಮೇಲಿರಬೇಕು. ಮೂರು, ಲೈಫ್ ಜಾಕೆಟ್ ಇಲ್ಲದೆ ಇಳಿಯಂಗಿಲ್ಲ. ನಮ್ಮೋರು ಜನ್ಮದಲ್ಲಿ ಹಾಕ್ಕೊಳ್ಳಲಿಲ್ಲ, "ಬೆಸ್ತನಿಗೆ ಜಾಕೆಟ್ಟಾ?" ಅಂತ ನಗ್ತಿದ್ರು. ನಾನು ಏರಿ ಮೇಲೆ ನಿಂತು ಕಾದ ಸಂಜೆಗಳು ನನಗೆ ಗೊತ್ತು, ಆ ಹುಡುಗಿಗೆ ಅದು ಬೇಡ.

ಸಂಘದ ಸದಸ್ಯತ್ವ, ಷೇರು ಚೀಟಿ ಇವೆಲ್ಲ ತೆಪ್ಪದ ಜೊತೆ ಹೋಗೋ ಸಾಮಾನಲ್ಲ. ತೆಪ್ಪ ಮಾರೋ ಗಡಿಬಿಡೀಲಿ ಅದನ್ನೂ ಯಾರದೋ ಕೈಗೆ ಕೊಟ್ಟುಬಿಡಬೇಡಿ. ಊರು ಬಿಟ್ಟ ಮೇಲೆ ಅದು ಏನಾಗುತ್ತೆ ಅಂತ ಸಂಘದಲ್ಲೇ ಕೇಳಿ, ಬರವಣಿಗೇಲಿ ಉತ್ತರ ಇಸ್ಕೊಳ್ಳಿ. ನಾವು ಅರ್ಜಿ ಕೊಟ್ಟಿದೀವಿ.

ನನ್ನ ಮಗಳು ಇತಿಹಾಸ ಓದಿದೋಳು. ಈ ಜಗಳ ಎಲ್ಲ ಕೇಳಿ ಒಂದು ಕಥೆ ಹೇಳಿದ್ಲು, ನನಗೆ ಬಹಳ ಹಿಡಿಸ್ತು. ಹೆರೊಡೋಟಸ್ ಅಂತ ಗ್ರೀಕ್ ದೇಶದೋನು, ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಬರೆದಿದಾನಂತೆ. ಆರ್ಮೇನಿಯಾ ಕಡೆ ಜನ ನಮ್ಮ ತೆಪ್ಪದ ಥರಾನೇ ಕಡ್ಡಿ ಹೆಣೆದು ಚರ್ಮ ಹೊದಿಸಿ, ಸರಕು ತುಂಬ್ಕೊಂಡು ಯೂಫ್ರೆಟಿಸ್ ಹೊಳೇಲಿ ಬ್ಯಾಬಿಲೋನ್ ಪಟ್ಟಣಕ್ಕೆ ಬರ್ತಿದ್ರಂತೆ. ತೆಪ್ಪದೊಳಗೇ ಒಂದು ಕತ್ತೆ. ಸರಕು ಮಾರಿದ ಮೇಲೆ ತೆಪ್ಪದ ಕಡ್ಡಿನೂ ಹುಲ್ಲೂ ಅಲ್ಲೇ ಮಾರಿ, ಚರ್ಮ ಮಾತ್ರ ಕತ್ತೆ ಮೇಲೆ ಹೇರ್ಕೊಂಡು ನಡ್ಕೊಂಡು ಊರಿಗೆ. ಹೊಳೆಗೆ ಎದುರಾಗಿ ತೆಪ್ಪ ಹೋಗಲ್ವಲ್ಲ. ನಮ್ಮ ಹಂಪಿ ಕಡೇನೂ 1520ರ ಸುಮಾರಿಗೆ ಬಂದ ಪೋರ್ಚುಗೀಸಿನೋನು, ಪೇಯಸ್ ಅಂತ, ಬುಟ್ಟಿ ಥರದ ದೋಣೀಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟ್ತಾರೆ, ದೋಣಿ ತಿರುಗ್ತಾನೇ ಹೋಗುತ್ತೆ ಅಂತ ಬರೆದಿದಾನಂತೆ. ತೆಪ್ಪ ಅಂದ್ರೆ ಆವತ್ತಿಂದಲೂ ಹಂಗೇ, ಇದ್ದ ಜಾಗದಲ್ಲಿ ಬಹಳ ಉಪಯೋಗ, ಹೊತ್ಕೊಂಡು ಹೋಗೋಕೆ ಬರೀ ಭಾರ.

ಹಂಗಾದ್ರೆ ನಮ್ಮ ಕತ್ತೆ ಮೇಲೆ ಹೋಗೋ ಚರ್ಮ ಯಾವುದು? ಇದನ್ನ ಮಾತ್ರ ಒಬ್ಬರೂ ಕೇಳಲಿಲ್ಲ ನೋಡಿ. ಎಲ್ರೂ ಅವರ ತೆಪ್ಪದ ವಿಚಾರ ಕೇಳಿದ್ರಿ, ನನ್ನ ತಕ್ಕಡಿ ವಿಚಾರ ಯಾರೂ ಕೇಳಲಿಲ್ಲ. ರೇಷನ್ ಕಾರ್ಡಲ್ಲಿ ನಾನು ಗೃಹಿಣಿ. ಬೆಳಗ್ಗೆ ಏರಿ ಮೇಲೆ ಕೂತು, ಹೊಸಕೋಟೆಗೆ ಬಿರಿಯಾನಿ ತಿನ್ನೋಕೆ ಬಂದ ಕಾರಿನೋರಿಗೆ ಮೀನು ತೂಗಿ, ಹೊಟ್ಟೆ ಸೀಳಿ, ಪೊರೆ ತೆಗೆದು, ತುಂಡು ಮಾಡಿ ಕೊಟ್ಟೋಳು ನಾನೇ. ಹರಿದ ಬಲೆ ರಾತ್ರಿ ಹೊತ್ತು ಹೆಣೆದೋಳೂ ನಾನೇ. ಇದಕ್ಕೆ ಕೆರೆ ಗುತ್ತಿಗೆ ಬೇಡ, ಹೊಸೂರಲ್ಲೂ ಮೀನು ತಿನ್ನೋ ಜನ ಇದಾರೆ. ಅದಕ್ಕೇ ತೆಪ್ಪದ ಮೊದಲ ಕಂತು ಮೂರು ಸಾವಿರ ಅಡ್ವಾನ್ಸಿಗೆ ಸೇರಿಸಬಾರದು ಅಂತ ನಾನು ಹಟ ಹಿಡಿದಿದೀನಿ. ಅದರಲ್ಲಿ ಒಂದು ಐಸ್ ಪೆಟ್ಟಿಗೆ, ಒಂದು ಒಳ್ಳೆ ಕತ್ತಿ. ತಕ್ಕಡಿ ಇದ್ದೇ ಇದೆ. ಸಗಟಲ್ಲಿ ಮೀನು ತಂದು ಸಣ್ಣಗೆ ಶುರು ಮಾಡ್ತೀನಿ. ಇವರು ಪಕ್ಕದಲ್ಲಿ ಕೂತು ಎಡಗೈಲಿ ದುಡ್ಡು ಎಣಿಸಲಿ. ಮಗ ಒಪ್ಪಿದಾನೆ. ಸೊಸೆ ಮೀನು ವಾಸನೆ ಅಂತ ಮುಖ ಸಿಂಡರಿಸಿದ್ಲು, ಅದನ್ನ ಅಲ್ಲಿಗೆ ಹೋದ್ಮೇಲೆ ನೋಡ್ಕೊಳ್ತೀನಿ.

ನಿಮ್ಮನೇಲಿ ತೆಪ್ಪ ಇಲ್ಲದೆ ಇರಬಹುದು. ದೊಡ್ಡಬಳ್ಳಾಪುರದ ಕಡೆಯೋರಿಗೆ ಮಗ್ಗ ಇದೆ, ನೆಲಮಂಗಲದ ಕಡೆ ಎತ್ತಿನ ಗಾಡಿ, ಟಿಲ್ಲರ್ ಇದೆ. ಊರು ಬಿಡೋ ಕಾಲ ಬಂದ್ರೆ ಅದನ್ನ ನಡೆಸೋರು ಯಾರು, ಜಾಗ ಎಲ್ಲಿ, ಹಕ್ಕು ಯಾರದು ಅಂತ ಮನೆ ಮಂದಿ ಎಲ್ಲ ಕೂತು ಕೇಳ್ಕೊಳ್ಳಿ. ಆ ಮಾತುಕತೇಲಿ ಹೆಂಗಸರು ಕಾಫಿ ಕೊಟ್ಟು ಒಳಗೆ ಹೋಗಬೇಡಿ, ನೀವೂ ಕೂತ್ಕೊಳ್ಳಿ. ಆ ಸಾಮಾನಲ್ಲಿ ನಿಮ್ಮ ದುಡಿಮೆ ಎಷ್ಟಿದೆ ಅನ್ನೋದನ್ನ ಲೆಕ್ಕಕ್ಕೆ ಸೇರಿಸಿ, ಬಂದ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕೇಳಿ.

ನಮ್ಮೆಜಮಾನ್ರು ಇನ್ನೂ ಪೂರ್ತಿ ಹೂಂ ಅಂದಿಲ್ಲ. ನೆನ್ನೆ ಆ ಹುಡುಗನ್ನ ಕರ್ಕೊಂಡು ಕೆರೆಗೆ ಹೋಗಿದ್ರು. ಗಾಳಿ ಯಾವ ಕಡೆಯಿಂದ ಬೀಸಿದ್ರೆ ಹುಟ್ಟು ಹೆಂಗೆ ಹಿಡೀಬೇಕು, ಯಾವ ಮೂಲೇಲಿ ಜಾಲಿ ಮರ ಮುಳುಗಿ ಬಲೆ ಹರಿಯುತ್ತೆ ಅಂತ ಎರಡು ಗಂಟೆ ಹೊತ್ತು ಹೇಳ್ಕೊಟ್ಟು ಬಂದ್ರು. ಬಂದೋರು ಮಾತಾಡಲಿಲ್ಲ, ಊಟ ಮಾಡಿ ಮಲಗಿದ್ರು. ನಾನೂ ಕೇಳಲಿಲ್ಲ. ಮಾರೋದು ಅಂತಾದ್ರೆ ಈ ಭಾನುವಾರ, ಬರೋರು ಹತ್ತು ಗಂಟೆ ಒಳಗೆ ಏರಿ ಹತ್ರ ಬನ್ನಿ, ಪೂಜೆ ಮಾಡಿಯೇ ಕೊಡ್ತೀವಿ.